ಆಡದೆಯೇ ಬಿಟ್ಟ ಇಸ್ಪೀಟು

ಒಳ್ಳೆಯ ಹೆಸರು ಗಳಿಸಲು ಜನ ಏನೆಲ್ಲ ಒದ್ದಾಡುತ್ತಾರೆ. ಬಂದ ಮೇಲೆ ಅದನ್ನು ಉಳಿಸಿಕೊಳ್ಳಲು ಇನ್ನಷ್ಟು ಒದ್ದಾಡುತ್ತಾರೆ. ನಾನು ಮಾತ್ರ ಮೂವತ್ತು ವರ್ಷ ಒಂದು ಕೆಟ್ಟ ಹೆಸರಿನ ನೆರಳಿನಲ್ಲಿ ಸುಖವಾಗಿ ಸಂಸಾರ ಮಾಡಿದವನು. ಬನಹಟ್ಟಿಯಲ್ಲಿ ನನ್ನದು ಸೀರೆ ವ್ಯಾಪಾರ. ನಮ್ಮ ಓಣಿಯಲ್ಲಾಗಲಿ, ಹೆಂಡತಿಯ ತವರೂರು ಮಹಾಲಿಂಗಪುರದಲ್ಲಾಗಲಿ, ಆಕೆಯ ಅಕ್ಕನನ್ನು ಕೊಟ್ಟ ಬೀಳಗಿ, ತಂಗಿಯನ್ನು ಕೊಟ್ಟ ಮುಧೋಳಗಳಲ್ಲಾಗಲಿ, ನನ್ನ ಬಗ್ಗೆ ಕೇಳಿ ನೋಡಿ. "ಒಂದ ಕಾಲದಾಗ ಭಾರೀ ಇಸ್ಪೀಟ ಆಡತಿದ್ರು. ಮಹಾದೇವಿ ಕೈ ಹಿಡದ ಮ್ಯಾಲ ಬಿಟ್ರು" ಎನ್ನುತ್ತಾರೆ. ಇದರಲ್ಲಿ ನಿಜವಿರುವುದು ಮಹಾದೇವಿ ನನ್ನ ಕೈ ಹಿಡಿದದ್ದು ಮಾತ್ರ. ಇಸ್ಪೀಟು ಆಡಲು ನನಗೆ ಬರುತ್ತಲೇ ಇರಲಿಲ್ಲ.

ಬರುತ್ತಿರಲಿಲ್ಲ ಎಂದರೆ ಪ್ರಯತ್ನವೇ ಆಗಿರಲಿಲ್ಲ ಎಂದಲ್ಲ. ಜಮಖಂಡಿಯಲ್ಲಿ ಕಾಲೇಜು ಕಲಿಯುವಾಗ ನಮ್ಮ ರೂಮಿನಲ್ಲಿ ನಾಗರ ಪಂಚಮಿ ಬಂತೆಂದರೆ ಚಾಪೆ ಹಾಸಿ ಎಲೆ ಹಂಚುತ್ತಿದ್ದರು. ಗೆಳೆಯರು ನನಗೆ ಎರಡು ಸಲ ಆಟ ಕಲಿಸಿದರು. ಮೂರನೆಯ ಸಲ ನನ್ನ ಕೈಯಿಂದ ಎಲೆ ಕಸಿದುಕೊಂಡು ಚಹಾದ ಕಿಟ್ಲಿ ಕೊಟ್ಟರು. ಅಂದಿನಿಂದ ಚಹಾ ತರುವುದು ನನ್ನ ಪಾಲಿನ ಆಟ. ಅಂಥ ಒಂದು ದಿನವೇ ಮಹಾಲಿಂಗಪುರದಿಂದ ನನ್ನನ್ನು ವರನೆಂದು ವಿಚಾರಿಸಲು ಒಬ್ಬ ಹಿರಿಯರು ಬಂದು ಬಾಗಿಲಲ್ಲಿ ಇಣುಕಿದರು. ಆಡುವವರ ನಡುವೆ ನಾನು ಕುಳಿತಿದ್ದೆ, ಕಿಟ್ಲಿ ನನ್ನ ಬೆನ್ನ ಹಿಂದಿತ್ತು. ಅವರು ಊರಿಗೆ ಹೋಗಿ, "ಹುಡುಗ ಛಲೋ, ಮನಿತನ ಛಲೋ, ಖರೆ ಎಲಿ ಹುಚ್ಚ ಐತಿ" ಎಂದು ವರದಿ ಒಪ್ಪಿಸಿದರಂತೆ. ನನ್ನ ಮಾವನವರಿಗೆ ಅದೊಂದು ಅವಗುಣವೆಂದು ಅನಿಸಲೇ ಇಲ್ಲ. ಅವರು ಸ್ವತಃ ಪಂಚಮಿಗೆ ಎಲೆ ಹಿಡಿದು ಕುಳಿತರೆ ಹುಣ್ಣಿಮೆಗೆ ಏಳುವವರು. ಬೆಲ್ಲದ ಅಂಗಡಿಯ ಕೀಲಿ ಬಿದ್ದಿದ್ದರೂ ಬಿದ್ದಿರಲಿ, ಮಗಳಿಗೆ ಜ್ವರ ಬಂದಿದ್ದರೂ ಬಂದಿರಲಿ.

ಆ ಜ್ವರದ ಮಗಳೇ ಮಹಾದೇವಿ. ಮದುವೆಯಾದ ಮೂರನೆಯ ದಿನ ನನ್ನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿದಳು. "ಅಪ್ಪಗ ಹೇಳಿ ಹೇಳಿ ನಮ್ಮವ್ವ ಸೋತಳು. ನಾ ಸೋಲೂದಿಲ್ಲ. ಎಲಿ ಮುಟ್ಟೂದಿಲ್ಲಂತ ಆಣಿ ಮಾಡ್ರಿ" ಎಂದಳು. ಆಗಲೇ ನಾನು "ನನಗೆ ಎಲೆ ಹಿಡಿಯಲೂ ಬರುವುದಿಲ್ಲ" ಎಂದುಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಆಕೆ ನನ್ನನ್ನು ನೋಡುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಅಂದಿನವರೆಗೆ ಯಾರೂ ನನ್ನನ್ನು ಅಪಾಯದ ಮನುಷ್ಯ ಎಂಬಂತೆ ನೋಡಿರಲಿಲ್ಲ. ಸೀರೆ ಮಡಚುವವನನ್ನು ಯಾರು ಹಾಗೆ ನೋಡುತ್ತಾರೆ? ನಾನು ಒಂದು ದೀರ್ಘ ಉಸಿರು ಬಿಟ್ಟು, ಬಹಳ ಕಷ್ಟವಾಗುತ್ತಿದೆ ಎಂಬಂತೆ ಕಣ್ಣು ಮುಚ್ಚಿ, ಆಣೆ ಮಾಡಿದೆ.

ಅಲ್ಲಿಂದ ಮುಂದೆ ನನ್ನ ಭಾಗ್ಯವೇ ತೆರೆಯಿತು. ಬೀಳಗಿಯ ಷಡ್ಡಕರು ಅಡಿಕೆ ಚೂರನ್ನೂ ಬಾಯಿಗೆ ಹಾಕದವರು. ಅವರು ಸಂಜೆ ಏಳಕ್ಕೆ ಮನೆಗೆ ಬಂದರೆ "ಇಷ್ಟೊತ್ತನ ಎಲ್ಲಿ ಹೋಗಿದ್ರಿ?" ಎಂದು ವಿಚಾರಣೆ. ನಾನು ಒಂಬತ್ತಕ್ಕೆ ಬಂದರೂ "ಪಾಪ, ಸೀದಾ ಮನಿಗೇ ಬಂದಾರ" ಎಂದು ಬಿಸಿ ರೊಟ್ಟಿ. ಹಬ್ಬಕ್ಕೆ ಹೋಳಿಗೆ ಬಡಿಸುವಾಗ ಅವರಿಗೊಂದು ಚಮಚ ತುಪ್ಪವಾದರೆ ನನಗೆ ಎರಡು. ಚಟ ಬಿಟ್ಟ ದೇಹಕ್ಕೆ ಶಕ್ತಿ ಬೇಕಲ್ಲ. ಅಕ್ಕತಂಗಿಯರು ಕೂಡಿದಾಗ ಮಹಾದೇವಿ ನನ್ನನ್ನು ದಾರಿಗೆ ತಂದ ಕಥೆ ಹೇಳುವಳು. ನಾನು ತಲೆ ತಗ್ಗಿಸಿ ಕೇಳುವೆನು. ವರ್ಷದಿಂದ ವರ್ಷಕ್ಕೆ ಕಥೆಯಲ್ಲಿ ನನ್ನ ಪಾಪಗಳು ಹೆಚ್ಚುತ್ತ ಹೋದವು. ಒಮ್ಮೆ ನಾನು ಕೈಗಡಿಯಾರವನ್ನೇ ಸೋತು ಬಂದೆನಂತೆ. ನನಗೂ ನೆನಪಾದ ಹಾಗೆ ಆಯಿತು.

ಇಂಥ ಸುಖಕ್ಕೆ ಕಲ್ಲು ಹಾಕಿದವನು ಮಹಾದೇವಿಯ ತಮ್ಮ ಸಂಗಮೇಶ. ಅಪ್ಪನ ಬೆಲ್ಲದ ಅಂಗಡಿಯನ್ನು ಅವನೇ ನೋಡಿಕೊಳ್ಳುತ್ತಾನೆ, ಇಸ್ಪೀಟಿನ ಮೇಲಿನ ಭಕ್ತಿಯೂ ಅಪ್ಪನಿಂದ ಬಂದದ್ದೇ. ಅಕ್ಕನ ಹೆದರಿಕೆಗೆ ಅವನು ಆಡುವುದಿಲ್ಲ, ಆಡಿದವರನ್ನು ಪೂಜಿಸುತ್ತಾನೆ. ಅವನ ಕಣ್ಣಿಗೆ ನಾನು ಅಖಾಡ ಬಿಟ್ಟ ಪೈಲವಾನ. ಹೋದ ಚಳಿಗಾಲದಲ್ಲಿ ಹೊಸ ಕಾರು ತಂದವನೇ, "ಅಕ್ಕಾ, ಮಾಮಾರ, ಗೋವಾಕ್ಕ ಹೋಗೂನು ನಡೀರಿ. ಅಲ್ಲಿಂದ ಸಮುದ್ರದ ದಂಡಿ ಹಿಡದ ಗೋಕರ್ಣ ಮಾಡಿ ಬರೂನು" ಎಂದ. ಗೋಕರ್ಣದ ಹೆಸರು ಕೇಳಿ ಮಹಾದೇವಿ ಒಪ್ಪಿದಳು. ಎರಡು ದಿನ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಗೋವಾದಲ್ಲಿ ಅನ್ನ ನೀರು ಸಿಗುವುದೇ ಇಲ್ಲ ಎಂಬಂತೆ ಬುತ್ತಿ ಕಟ್ಟಿದಳು. ಗೋಕಾಕ, ಬೆಳಗಾವಿ ದಾಟಿ, ಚೋರ್ಲಾ ಘಾಟಿನ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು, ನಾವು ಪಣಜಿ ಮುಟ್ಟಿದೆವು.

ಸಂಗಮೇಶ ಹಿಡಿದ ಹೋಟೆಲಿನ ಕೆಳಗಿನ ಮಹಡಿಯಲ್ಲೇ ಒಂದು ಕ್ಯಾಸಿನೋ ಇತ್ತು. ಅದು ಕಾಕತಾಳೀಯ ಎಂದು ಅವನು ಹೇಳಿದ. ಮಹಾದೇವಿ ಸ್ನಾನಕ್ಕೆ ಹೋದಾಗ ನನ್ನನ್ನು ಅಲ್ಲಿಗೆ ಕರೆದೊಯ್ದ. ಒಳಗೆ ಗುಂಡಿ ಒತ್ತಿದರೆ ಹಾಡು ಹೇಳುವ ಯಂತ್ರಗಳ ಸಾಲು. ಪ್ರತಿಯೊಂದರ ಮುಂದೆಯೂ ಒಬ್ಬೊಬ್ಬರು ಮುಖ ಗಂಟಿಕ್ಕಿ ಕುಳಿತಿದ್ದರು. ನಮ್ಮೂರಲ್ಲಿ ಪಾವರ್‌ಲೂಮಿನ ಮುಂದೆ ನಿಂತವರೂ ಇಷ್ಟು ದಣಿದಂತೆ ಕಾಣುವುದಿಲ್ಲ. "ಮಾಮಾರ, ಒಂದ ಸಲಾ ನಿಮ್ಮ ಕೈ ನೋಡೂದೈತ್ರಿ" ಎಂದು ಸಂಗಮೇಶ ಗೋಗರೆದ. ನಾನು ಎದೆಯ ಮೇಲೆ ಕೈಯಿಟ್ಟು, "ಆಣಿ ಐತಪಾ, ಸಂಗಮೇಶ. ಎಲಿ ವಾಸನಿ ಬಂದ್ರನ ನನಗ ಹ್ಯಾಂಗರ ಆಕ್ಕೈತಿ. ನಡಿ ಹೊರಗ" ಎಂದೆ. ಯಂತ್ರಗಳಲ್ಲಿ ಎಲೆಯೇ ಇರಲಿಲ್ಲ. ಆದರೂ ಅವನ ಕಣ್ಣು ಒದ್ದೆಯಾದವು. ಮೊದಲ ಕ್ಯಾಸಿನೋದಿಂದ ನಾನು ಹೀಗೆ ಮರ್ಯಾದೆಯಿಂದ ಹೊರಬಂದೆ.

ಮರುದಿನ ಮಧ್ಯಾಹ್ನ ಅವನು ಬೇರೆ ಹೂಟ ಹೂಡಿದ. ನದಿಯಲ್ಲಿ ಒಂದು ಹಡಗಿದೆ, ಒಳಗೆ ಹಾಡು ಕುಣಿತ, ಊಟವೂ ಟಿಕೆಟ್ಟಿನಲ್ಲೇ ಬಂತು ಎಂದು ಅಕ್ಕನನ್ನು ಹೊರಡಿಸಿದ. ಬಾಗಿಲಲ್ಲಿ ಕಾವಲಿನವ ಮಹಾದೇವಿಯ ಚೀಲ ತೆಗೆದು, ಶೇಂಗಾ ಚಟ್ನಿಯ ಪುಡಿಯನ್ನು ಬಹಳ ಹೊತ್ತು ಮೂಸಿ ನೋಡಿದ. "ತಿನ್ನೂದೈತೋ ಮಾರಾಯಾ, ಬೇಕಾರ ನೀನೂ ಸ್ವಲ್ಪ ತಗೊ" ಎಂದಳು. ಅವನಿಗೆ ಕನ್ನಡ ತಿಳಿಯಲಿಲ್ಲ, ಚಟ್ನಿಯನ್ನು ಅಲ್ಲೇ ಇಟ್ಟುಕೊಂಡ. ಒಳಗೆ ಹೋದರೆ ಹಸಿರು ಮೇಜುಗಳು, ಸುತ್ತ ಜನ, ಎಲ್ಲರ ಕೈಯಲ್ಲೂ ಬಣ್ಣದ ಬಿಲ್ಲೆ. ಟಿಕೆಟ್ಟಿನ ಜೊತೆ ನಮಗೂ ಆಡಲೆಂದು ಒಂದು ಹಿಡಿ ಬಿಲ್ಲೆ ಕೊಟ್ಟರು. ಮಹಾದೇವಿ ಒಮ್ಮೆ ಸುತ್ತ ಕಣ್ಣಾಡಿಸಿ, ತಮ್ಮನ ಕಡೆ ತಿರುಗಿದಳು. ಆ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಒಳಗೊಳಗೇ ಹಿಗ್ಗು. ಇನ್ನೇನು ನಮ್ಮಿಬ್ಬರನ್ನೂ ದಡಕ್ಕೆ ಅಟ್ಟುತ್ತಾಳೆ, ನಾನು ಬಚಾವಾದೆ ಎಂದುಕೊಂಡೆ.

ಆದರೆ ಮಹಾದೇವಿ ನನ್ನನ್ನು ನೋಡಿದಳು, ಮೇಜನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಮೆತ್ತಗಿನ ದನಿಯಲ್ಲಿ ಅಂದಳು: "ಮೂವತ್ತ ವರ್ಷ ನನ್ನ ಮಾತಿಗೆ ಮನಸ ಕಟಗೊಂಡ ಕುಂತೀರಿ. ಒಂದ ದಿನಾ ತಪ್ಪಲಿಲ್ಲ. ಇವತ್ತೊಂದ ದಿನ ನಾನ ಆಣಿ ಬಿಡಸತೀನಿ. ಆಡ್ರಿ. ನಾ ಬಾಜೂಕ ಕುಂದ್ರತೀನಿ."

ನಾನು ಬೇಡ ಎಂದೆ. "ಅಯ್ಯ, ಸಂಕೋಚ ಮಾಡಬ್ಯಾಡ್ರಿ" ಎಂದಳು. ತಲೆನೋವು ಎಂದೆ. ಚೀಲದಿಂದ ಗುಳಿಗೆ ತೆಗೆದು ಕೊಟ್ಟಳು. ಸಂಗಮೇಶ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. "ನಾ ಮುಂದ ನಿಂತ್ರ ನಿಮಗ ದೃಷ್ಟಿ ಆದೀತ್ರಿ ಮಾಮಾರ" ಎಂದು ತಾನೇ ಯಂತ್ರಗಳ ಕಡೆ ಹೋಗಿಬಿಟ್ಟ. ಅದೊಂದು ಪುಣ್ಯ. ನಾನು ಮೇಜಿನ ಮುಂದೆ ಕುಳಿತೆ. ಮಹಾದೇವಿ ಸೆರಗು ಸರಿಮಾಡಿಕೊಂಡು, ಮಗನ ಬಹುಮಾನ ಸಮಾರಂಭಕ್ಕೆ ಬಂದ ತಾಯಿಯಂತೆ ಪಕ್ಕದಲ್ಲಿ ಕುಳಿತಳು.

ಎಲೆ ಹಂಚುವವಳು ಒಬ್ಬ ಹುಡುಗಿ, ಕಪ್ಪು ಕೋಟು ಹಾಕಿದ್ದಳು. ಎಲ್ಲರಂತೆ ನಾನೂ ಒಂದು ಬಿಲ್ಲೆ ಮುಂದಿಟ್ಟೆ. ಅವಳು ನನ್ನ ಮುಂದೆ ಎರಡು ಎಲೆ ಇಟ್ಟಳು, ಒಂದು ಹತ್ತು, ಒಂದು ಒಂಬತ್ತು. ಅವು ಒಳ್ಳೆಯವೋ ಕೆಟ್ಟವೋ ನನಗೇನು ಗೊತ್ತು? ಗೊತ್ತಿದ್ದ ಒಂದೇ ವಸ್ತು ಮೇಜಿನ ಮೇಲೆ ಹಾಸಿದ ಹಸಿರು ಬಟ್ಟೆ. ಬಟ್ಟೆ ಕಂಡರೆ ನಮ್ಮೂರವರ ಬೆರಳು ನಿಲ್ಲುವುದಿಲ್ಲ. ಮದುವೆ ಮನೆಗೆ ಹೋದರೆ ಬೀಗರ ಮುಖ ನೋಡುವ ಮುಂಚೆ ಅವರ ಪಂಚೆಯ ಅಂಚು ಹಿಚುಕಿ ನೋಡುವವರು ನಾವು. ಇದು ಉಣ್ಣೆಯೋ ಬೆರಕೆಯೋ ಎಂದು ನಾನು ಬೆರಳ ತುದಿಯಿಂದ ಎರಡು ಸಲ ತಟ್ಟಿದೆ. ಹುಡುಗಿ ತಕ್ಷಣ ಇನ್ನೊಂದು ಎಲೆ ಇಟ್ಟಳು. ಆಮೇಲೆ ನನ್ನ ಬಿಲ್ಲೆಯನ್ನು ಎಳೆದುಕೊಂಡಳು. ಮುಂದಿನ ಆಟಕ್ಕೂ ಎರಡು ಎಲೆ ಬಂದವು. ಬೆರಕೆಯೇ ಇರಬೇಕು ಎಂದು ಖಾತ್ರಿ ಮಾಡಿಕೊಳ್ಳಲು ಮತ್ತೆ ತಟ್ಟಿದೆ. ಮತ್ತೆ ಎಲೆ ಬಂತು, ಬಿಲ್ಲೆ ಹೋಯಿತು.

"ನೀವು ಕೇಳೇ ಇಲ್ಲ, ಈಕಿ ಯಾಕ ಎಲಿ ಕೊಡಾಕತ್ತಾಳ?" ಎಂದು ಮಹಾದೇವಿ ಗಟ್ಟಿಯಾಗಿಯೇ ಕೇಳಿದಳು.

ಹುಡುಗಿ ಮುಖ ಎತ್ತಿದಳು. "ಅಯ್ಯ, ನಮ್ಮ ಕಡೆಯವರೇನ್ರಿ? ನಂದ ಲೋಕಾಪುರ ರೀ" ಎಂದಳು. ಆಮೇಲೆ ದನಿ ತಗ್ಗಿಸಿ, "ಅಂಕಲ್, ಮ್ಯಾಜಿನ ಅರಬಿ ತಟ್ಟಬ್ಯಾಡ್ರಿ. ತಟ್ಟಿದ್ರ ಇನ್ನೊಂದ ಎಲಿ ಕೊಡು ಅಂದಂಗ. ಸಾಕು ಅಂದ್ರ ಬರೇ ಕೈ ಆಡಸ್ರಿ. ಎಲ್ಲಾ ಕೂಡಿ ಇಪ್ಪತ್ತೊಂದ ದಾಟಬಾರದ್ರಿ, ದಾಟಿದ್ರ ಹೋತು" ಎಂದು ವಿವರಿಸಿದಳು.

"ಗೊತ್ತೈತಿ, ಗೊತ್ತೈತಿ. ನಮ್ಮ ಕಾಲದ ಪದ್ಧತಿ ಬ್ಯಾರೆ ಇತ್ತು" ಎಂದೆ. ಮೂರನೆಯ ಆಟಕ್ಕೆ ಎಲೆ ಬಂತು. ಒಂದರಲ್ಲಿ ಒಬ್ಬ ಠೀವಿಯ ಮನುಷ್ಯನ ಚಿತ್ರವಿತ್ತು, ತಲೆಯ ಮೇಲೆ ಏನೋ ಟೊಪ್ಪಿಗೆ. ಮಾನ ಉಳಿಸಿಕೊಳ್ಳಲು ಇದೇ ಸಮಯವೆಂದು ಮೇಜಿನ ಸುತ್ತಲಿನವರಿಗೆಲ್ಲ ಕೇಳುವ ಹಾಗೆ, "ನೋಡು, ರಾಜಾ ಬಂದ!" ಎಂದೆ.

ಮಹಾದೇವಿ ಎಲೆಯ ಕಡೆ ಬಾಗಿ ನೋಡಿದಳು. "ಅಂವಾ ರಾಜಾ ಅಲ್ರೀ," ಎಂದಳು ನಿಧಾನವಾಗಿ, "ಗುಲಾಮ. ರಾಜಾಗ ಗಡ್ಡ ಇರತೈತಿ."

ಅಷ್ಟೇ ಅಂದದ್ದು. ಇಸ್ಪೀಟಿನ ಮನೆಯಲ್ಲಿ ಬೆಳೆದವಳು, ಎಲೆಗಳನ್ನು ಅಕ್ಷರಕ್ಕಿಂತ ಮೊದಲು ಕಲಿತಿದ್ದಳು. ಲೋಕಾಪುರದ ಹುಡುಗಿ ತಲೆ ತಗ್ಗಿಸಿ, ಜೋಡಿಸಿದ ಎಲೆಗಳನ್ನೇ ಮತ್ತೆ ಜೋಡಿಸಿದಳು. ನಾನು ಉಳಿದ ಬಿಲ್ಲೆಗಳನ್ನು ಅಲ್ಲೇ ಬಿಟ್ಟು ಎದ್ದೆ.

ಮೇಲಿನ ಮಹಡಿಯಲ್ಲಿ ಊಟವಿತ್ತು. ನಲವತ್ತು ತರಹದ ಪದಾರ್ಥಗಳಿದ್ದವು, ಮಹಾದೇವಿ ಅನ್ನ ಮೊಸರು ಮಾತ್ರ ಹಾಕಿಕೊಂಡು ಕಿಟಕಿಯ ಹತ್ತಿರ ಕುಳಿತಳು. ಹೊರಗೆ ನದಿಯ ಮೇಲೆ ಇನ್ನೂ ಬಿಸಿಲಿತ್ತು. ಬೈಗುಳ ಬಂದರೆ ಸಾಕು ಎಂದು ನಾನು ಕಾಯುತ್ತಿದ್ದೆ.

"ಖರೆ ಹೇಳ್ರಿ. ಎಂದೂ ಆಡಿಲ್ಲ?"

"ಇಲ್ಲ."

"ಜಮಖಂಡ್ಯಾಗ?"

"ಚಾ ತಂದ ಕೊಡತಿದ್ದೆ."

ಆಕೆ ಕಲಸುತ್ತಿದ್ದ ಅನ್ನ ಬಿಟ್ಟು, "ಹಂಗಾದ್ರ ಮೂವತ್ತ ವರ್ಷ ನಾ ಏನ ಮಾಡಿದೆ?" ಎಂದಳು.

ಅಲ್ಲಿಯವರೆಗೆ ಈ ಕೆಟ್ಟ ಹೆಸರು ನನ್ನ ಆಸ್ತಿ ಎಂದೇ ತಿಳಿದಿದ್ದೆ. ಅದು ನಿಜಕ್ಕೂ ಆಕೆಯದಾಗಿತ್ತು. ತಂದೆಯನ್ನು ಎಬ್ಬಿಸಲಾಗದೆ ಜ್ವರದಲ್ಲಿ ಮಲಗಿದ್ದ ಹುಡುಗಿ ದೊಡ್ಡವಳಾಗಿ ಒಬ್ಬನನ್ನಾದರೂ ಎಬ್ಬಿಸಿದೆ ಎಂದುಕೊಂಡಿದ್ದಳು. ನಾನು ಎರಡು ಚಮಚ ತುಪ್ಪದ ಆಸೆಗೆ ಆಕೆಗೆ ಮೋಸ ಮಾಡಿದ್ದೆ. ನನಗೆ ಬಹಳ ನಾಚಿಕೆಯಾಯಿತು, ಅಳುವೂ ಬಂತು. ಅಷ್ಟರಲ್ಲಿ ಸಂಗಮೇಶ ಓಡುತ್ತ ಬಂದ. "ಏನಾತ್ರಿ ಮಾಮಾರ? ಹ್ಯಾಂಗ ಆಡಿದ್ರಿ?" ಎಂದ. ಎಲ್ಲ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ.

"ಏನ ಕೇಳತೀ?" ಎಂದು ಮಹಾದೇವಿ ನಡುವೆಯೇ ಗುಡುಗಿದಳು. "ಏಳಾಕ ತಯಾರ ಇರಲಿಲ್ಲೋ! ನಾನ ಕೈ ಹಿಡದ ಎಳಕೊಂಡ ಬಂದೆ. ಇನ್ನ ಮ್ಯಾಲ ಇವರ ಮುಂದ ಎಲಿ ಹೆಸರ ತಗದೀ ಅಂದ್ರ ನೋಡ ಮತ್ತ!" ಸಂಗಮೇಶ ಭಯಭಕ್ತಿಯಿಂದ ನನಗೆ ಕೈ ಮುಗಿದ. ಗೋಕರ್ಣ ಮುಟ್ಟುವ ಮೊದಲೇ ಫೋನಿನಲ್ಲಿ ಸುದ್ದಿ ಬೀಳಗಿ, ಮುಧೋಳಗಳನ್ನು ಮುಟ್ಟಿತ್ತು.

ಊರಿಗೆ ಬಂದ ಮೊದಲ ಭಾನುವಾರ, ಊಟವಾದ ಮೇಲೆ ಮಹಾದೇವಿ ಮುಂದಿನ ಬಾಗಿಲು ಹಾಕಿ, ಸೆರಗಿನಡಿಯಿಂದ ಒಂದು ಹೊಸ ಇಸ್ಪೀಟಿನ ಕಟ್ಟು ತೆಗೆದಳು. "ಕುಂದರ್ರಿ, ಕಲಸತೀನಿ. ನಾಳೆ ಯಾರರ ಮುಂದ ಮತ್ತ ಗುಲಾಮಗ ರಾಜಾ ಅಂದ್ರ ನನ್ನ ಮಾನ ಏನಾಗಬೇಕು? ಬಿಟ್ಟವರಿಗೆ ಏನ ಬಿಟ್ಟೇವಿ ಅನ್ನೂದರ ಗೊತ್ತಿರಬೇಕಲ್ಲ" ಎಂದಳು. ಜಮಖಂಡಿಯ ಗೆಳೆಯರಿಗೆ ಸಾಧ್ಯವಾಗದ್ದು ಆಕೆಗೆ ಸಾಧ್ಯವಾಯಿತು. ಮೂರನೆಯ ಭಾನುವಾರ ನಾನು ಮೊದಲ ಸಲ ರಮ್ಮಿಯಲ್ಲಿ ಗೆದ್ದೆ. ನಾಲ್ಕನೆಯ ವಾರ ಭಾನುವಾರದವರೆಗೆ ಕಾಯಲು ಆಗಲಿಲ್ಲ. ಹುನ್ನೂರಿನಿಂದ ಮದುವೆ ಸೀರೆಗೆ ಬಂದವರನ್ನು, ಇಂದು ಮಾಲು ಬಂದಿಲ್ಲ, ನಾಳೆ ಬನ್ನಿ ಎಂದು ಸಾಗಹಾಕಿ, ನಾಲ್ಕು ಗಂಟೆಗೇ ಅಂಗಡಿಯ ಬಾಗಿಲು ಹಾಕಿ ಮನೆಗೆ ಓಡಿದೆ. ಆಕೆ ಏಳು ಗಂಟೆಗೆ ಎಲೆ ಕೂಡಿಸಿ, "ಸಾಕು, ಏಳ್ರಿ, ರೊಟ್ಟಿ ಮಾಡೂದೈತಿ" ಎಂದಳು. ನಾನು ಆಕೆಯ ಕೈ ಹಿಡಿದು, "ಇನ್ನೊಂದ ಆಟ, ಮಹಾದೇವಿ. ಒಂದೇ ಒಂದು" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ತನ್ನ ತಂದೆಯ ಬಾಯಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿದ್ದಳೋ. ಎಲೆಗಳನ್ನೆಲ್ಲ ಬಾಚಿ ಅರಿವೆಯಲ್ಲಿ ಕಟ್ಟಿ, ಟ್ರಂಕಿಗೆ ಹಾಕಿ ಕೀಲಿ ಹಾಕಿದಳು. ನನ್ನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು. ಈ ಸಲ ನನಗೆ ದೀರ್ಘ ಉಸಿರನ್ನು ನಟಿಸಬೇಕಾಗಲಿಲ್ಲ, ಅದು ತಾನೇ ಬಂತು. ಇದಾಗಿ ಎಂಟು ದಿನವಾಯಿತು. ಈ ಸುದ್ದಿಯನ್ನು ಮಾತ್ರ ಆಕೆ ಬೀಳಗಿಗೂ ತಿಳಿಸಿಲ್ಲ, ಮುಧೋಳಕ್ಕೂ ತಿಳಿಸಿಲ್ಲ. ಮೊನ್ನೆ ಪಕ್ಕದ ಮನೆಯವರು ನನ್ನ ಹಳೆಯ ಚಟದ ಮಾತೆತ್ತಿದಾಗ, "ಅಯ್ಯ, ಯಾರ ಹೇಳಿದ್ರವಾ? ನಮ್ಮವರು ಹುಟ್ಟಿದಾಗಿಂದ ಎಲಿ ಮುಟ್ಟಿದವರ ಅಲ್ಲ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ನಾನು ಆಗ ಒಳಗಿನ ಕೋಣೆಯಲ್ಲಿದ್ದೆ. ಅಕ್ಕಿಯ ಡಬ್ಬಿ, ಹಾಸಿಗೆಯ ಅಡಿ, ದೇವರ ಪೆಟ್ಟಿಗೆ, ಎಲ್ಲ ನೋಡಿಯಾಗಿತ್ತು. ಟ್ರಂಕಿನ ಕೀಲಿಕೈ ಎಲ್ಲಿಟ್ಟಿದ್ದಾಳೋ ಸಿಗಲೇ ಇಲ್ಲ.