ಬುತ್ತಿ ತಂದ ಅತ್ತೆ, ಬಂದೂಕು ಹಿಡಿದ ಸೊಸೆ

ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಗುಂಡು ಹೊಡೆಯುವುದರಲ್ಲಿ ಒಂದು ನೆಮ್ಮದಿಯಿದೆ. ಅದು ಓಡುವುದಿಲ್ಲ, ಗುರುಗುಟ್ಟುವುದಿಲ್ಲ, ಗುರಿ ತಪ್ಪಿದರೆ ತಿರುಗಿ ಮೈಮೇಲೆ ಬರುವುದಿಲ್ಲ. ಕಲಘಟಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು, ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹುಬ್ಬಳ್ಳಿಯ ರೈಫಲ್ ಕ್ಲಬ್ಬಿಗೆ ಹೋಗಿ ಈ ನೆಮ್ಮದಿಯನ್ನು ಅನುಭವಿಸಿ ಬರುತ್ತಿದ್ದೆ. ಕೆಲವರು ಕಸೂತಿ ಹಾಕುತ್ತಾರೆ, ಕೆಲವರು ಉಪ್ಪಿನಕಾಯಿ ಹಾಕುತ್ತಾರೆ, ನನ್ನದು ಇದು. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಮ್ಮತ್ತೆ ನೀಲವ್ವನವರಿಗಂತೂ ನನ್ನ ಬಂದೂಕಿನ ಬಗ್ಗೆ ನನಗಿಂತ ಹೆಚ್ಚು ಹೆಮ್ಮೆ. ಬೀಗರು ಬಂದರೆ ಮೊದಲು ನನ್ನ ಪದಕ ತೋರಿಸಿ, ಆಮೇಲೆ ನೀರು ಕೊಡುತ್ತಾರೆ.

ಆ ಹೆಮ್ಮೆಯೇ ನನಗೆ ಮುಳುವಾಯಿತು. ಈ ಸಲ ಅಡವಿಯ ಹಂದಿಗಳು ಅಂಚಿನ ಹೊಲಗಳ ಗೋವಿನಜೋಳವನ್ನು ನೆಲಕ್ಕೆ ಮಲಗಿಸಿಬಿಟ್ಟವು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ನಮ್ಮ ಪಕ್ಕದ ಹೊಲದ ಈರಪ್ಪಕಾಕಾನನ್ನು ಒಂದು ಹಂದಿ ಕೆಡವಿ ತೊಡೆ ಸೀಳಿದ ಮೇಲೆ, ಸರಕಾರಿ ಅಡವಿಯ ಅಂಚಿನಲ್ಲಿ ಹಂದಿ ಹೊಡೆಯಲು ಬಂದೂಕಿನ ಲೈಸೆನ್ಸ್ ಇರುವ ಹವ್ಯಾಸಿಗಳು ಫಾರೆಸ್ಟ್ ಗಾರ್ಡಿನ ಜೊತೆ ಬರಬಹುದು ಎಂದು ಅನುಮತಿ ಬಂತು. ನಾನು ಶಾಲೆಯಿಂದ ಮನೆಗೆ ಬರುವಷ್ಟರಲ್ಲಿ ಅತ್ತೆ ನನ್ನ ಹೆಸರು ಕೊಟ್ಟಾಗಿತ್ತು.

“ನಮ್ಮ ಸೊಸಿ ಗುರಿ ಇಟ್ಲಂದ್ರ ಮುಗೀತ್ರಿ, ಅಂತ ಹೇಳೇನಿ,” ಅಂದರು.

“ಅತ್ತಿ, ನಾ ಒಂದು ಗುಬ್ಬೀನೂ ಹೊಡದಾಕಿ ಅಲ್ರಿ!”

“ಗುಬ್ಬಿ ಸಣ್ಣದವಾ. ಹಂದಿ ದೊಡ್ಡದಿರತೈತಿ. ನಿನಗ ಹಗುರಾತಲ್ಲ!”

ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ, ಇರುವೆ ಗೂಡಿಗೆ ಸಕ್ಕರೆ ಉದುರಿಸುವ ಹೆಂಗಸಿನ ಮಾತಿದು. “ಹಿಂಸಾ ಅಲ್ಲೇನ್ರಿ?” ಎಂದು ಕೇಳಿದೆ. “ಈರಪ್ಪನ ತೊಡಿ ನೋಡಿ ಬಾ, ಆಮ್ಯಾಲೆ ಹಿಂಸಾದ ಮಾತಾಡು,” ಅಂದರು. ಹೋಗಿ ನೋಡಿದೆ. ನೋಡಿದ ಮೇಲೆ ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಆದರೆ ಅಂದಿನಿಂದ ಕರಿಹಲಗೆಯ ಮೇಲೆ ವೃತ್ತ ಬರೆದರೆ ಅದಕ್ಕೆ ಕೋರೆಹಲ್ಲು ಕಾಣುತ್ತಿತ್ತು.

ಗೊತ್ತುಮಾಡಿದ ದಿನ ಸಂಜೆ, ಸಣ್ಣಗೆ ಮಳೆ ಜಿನುಗುತ್ತಿರುವಾಗ, ಅಡವಿಯ ಅಂಚಿನ ಮರದ ಮೇಲೆ ಕಟ್ಟಿದ ಅಟ್ಟ ಹತ್ತಿದೆವು. ನಾನು, ಗಾರ್ಡ್, ಮತ್ತು ಅಣ್ಣನ ಸೇಡು ತೀರಿಸಿಕೊಳ್ಳಲು ಬಂದಿದ್ದ ಈರಪ್ಪಕಾಕಾನ ತಮ್ಮ ಬಸಪ್ಪ. ಗಾರ್ಡ್ ಎಲ್ಲರ ಫೋನು ಬಂದ್ ಮಾಡಿಸಿದ. ಹಂದಿ ಬಾರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಬಾಜೂಕೆ ಕೂತ ಬಸಪ್ಪ ಬರಲಿ ಎಂದು ಬೇಡಿಕೊಳ್ಳುತ್ತಿದ್ದ. ದೇವರು ಯಾರ ಮಾತು ಕೇಳಬೇಕು?

ಅಷ್ಟರಲ್ಲಿ ಕೆಳಗಿನ ಪೊದೆ ಅಲ್ಲಾಡಿತು. ಏನೋ ಕಪ್ಪಗೆ, ಬಾಗಿಕೊಂಡು, ಒಂದಿಷ್ಟು ನಡೆದು ಒಂದಿಷ್ಟು ನಿಂತು ನಮ್ಮ ಕಡೆಗೇ ಬರುತ್ತಿತ್ತು.

“ಹೊಡೀರಿ ಅಕ್ಕಾರ, ಹೊಡೀರಿ!” ಬಸಪ್ಪ ಪಿಸುಗುಟ್ಟಿದ.

ಗುರಿ ಹಿಡಿದೆ. ತಲೆ ಯಾವುದು, ಬಾಲ ಯಾವುದು ತಿಳಿಯಲಿಲ್ಲ. “ಗುರುತು ಸಿಗವಲ್ದೋ,” ಅಂದೆ.

“ಅದೇನು ಆಧಾರ್ ಕಾರ್ಡ್ ತೋರಸ್ತೈತೇನ್ರಿ? ಹೊಡೀರಿ!”

ಗಾರ್ಡಿನ ಮುಖ ನೋಡಿದೆ. ಅವನೂ ಕಣ್ಣು ಕಿರಿದು ಮಾಡಿ, “ನನಗೂ ಪಕ್ಕಾ ಆಗವಲ್ದ್ರಿ,” ಅಂದ. ನಾನು ಬಂದೂಕು ಕೆಳಗಿಳಿಸಿದೆ. ಬಸಪ್ಪ ಹಣೆ ಚಚ್ಚಿಕೊಂಡ. “ಪೇಪರ್ ಹೊಡಿಯೋರನ್ನ ಕರಕೊಂಡು ಬಂದು ಅಡವ್ಯಾಗ ಕುಂಡ್ರಿಸಿದ್ರ ಹಿಂಗ ಆಗತೈತಿ ನೋಡ್ರಿ!”

ಆಗ ಪೊದೆ ಮಾತಾಡಿತು.

“ಶೈಲಾ, ಎಲ್ಲಿದ್ದೀಯವಾ? ಫೋನ್ ಯಾಕ ಹತ್ತವಲ್ದು? ಹೊಟ್ಟಿಗೆ ಏನರ ಹಾಕ್ಕೊಂಡೀ ಇಲ್ಲೋ?”

ಮಳೆಗೆಂದು ತಲೆಯ ಮೇಲಿಂದ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡು, ನಡುನೋವಿಗೆ ಬಾಗಿ, ಕೈಯಲ್ಲಿ ರೊಟ್ಟಿಯ ಬುತ್ತಿ ಹಿಡಿದು ನಮ್ಮತ್ತೆ ನಿಂತಿದ್ದರು. ನಾನು ಹೇಗೆ ಇಳಿದೆನೋ ನೆನಪಿಲ್ಲ. ಅವರನ್ನು ಅಪ್ಪಿಕೊಂಡು ಹೋ ಎಂದು ಅತ್ತುಬಿಟ್ಟೆ.

“ಅಳಬ್ಯಾಡವಾ,” ಅವರು ನನ್ನ ಬೆನ್ನು ಸವರಿದರು. “ಇವತ್ತ ಸಿಗಲಿಲ್ಲಂದ್ರ ನಾಳಿ ಸಿಗತಾವ.”

ಬಸಪ್ಪನ ಬಾಯಿ ಸುಮ್ಮನಿದ್ದರೆ ಚೆನ್ನಾಗಿತ್ತು. ನಡೆದದ್ದನ್ನೆಲ್ಲ ಅವನು ಅಲ್ಲೇ ಹೇಳಿಬಿಟ್ಟ. ಅತ್ತೆ ಒಮ್ಮೆ ಬಂದೂಕು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ನಾವು ಉಣ್ಣುತ್ತಿರುವಾಗ ಹಂದಿಗಳು ಆಚೆ ಮಗ್ಗುಲಿನಿಂದ ನುಗ್ಗಿ ನಮ್ಮದೇ ಗೋವಿನಜೋಳ ಮುಗಿಸಿದವು.

ಮರುದಿನವೇ ನನ್ನ ಹೆಸರು ತೆಗೆಸಿದೆ. ನನ್ನ ಬದಲು ಬಂದ ಕ್ಲಬ್ಬಿನ ಹಿರಿಯರೊಬ್ಬರು ಎರಡು ಹಂದಿ ಹೊಡೆದರು, ಉಳಿದವು ಅಡವಿಯ ಒಳಕ್ಕೆ ಸರಿದವು. ಈರಪ್ಪಕಾಕಾ ಈಗ ಕೋಲು ಹಿಡಿದು ಹೊಲಕ್ಕೆ ಹೋಗುತ್ತಾನೆ. ಊರವರು ಮಾತ್ರ ನನ್ನನ್ನು ಕಂಡಾಗಲೆಲ್ಲ, “ಅಂಥಾ ಚಾನ್ಸ್ ಸಿಕ್ರೂ ಬಿಟ್ಟಾಳ, ಅಗದಿ ದೊಡ್ಡ ಮನಸ್ಸಿನ ಸೊಸಿ!” ಎಂದು ನಗುತ್ತಾರೆ.

ಅತ್ತೆ ನಗುವುದಿಲ್ಲ. ನನ್ನ ಸಾರಿನಲ್ಲಿ ಉಪ್ಪು ಹೆಚ್ಚಾದರೂ ಈಗ ಏನೂ ಅನ್ನುವುದಿಲ್ಲ. ಬೆಳಿಗ್ಗೆ ಏಳುವ ಮೊದಲೇ ಶುಂಠಿ ಹಾಕಿದ ಚಹಾ ಹಾಸಿಗೆಯ ಬಳಿ ಬರುತ್ತದೆ. ಇದು ಪ್ರೀತಿಯೋ ಅಂಜಿಕೆಯೋ ಎಂಬ ಚಿಂತೆ ನನ್ನನ್ನು ಕೊರೆಯುತ್ತದೆ. ಅಂಜಿಕೆಯಾಗಿದ್ದರೆ ಇವತ್ತೇ ಕೂತು ಮಾತಾಡಿ ಅದನ್ನು ತೆಗೆಯಬೇಕೆಂದು ದಿನಾ ನಿರ್ಧರಿಸುತ್ತೇನೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ, ನಾಳೆ ಮಾತಾಡಿದರಾಯಿತು ಅನ್ನಿಸುತ್ತದೆ.