ತಂಗಿ ಮನೆಗೆ ತಾರೀಕು

ಹೇಳದೆ ಕೇಳದೆ ಯಾರಾದರೂ ಮನೆಗೆ ಬಂದರೆ ನನಗೆ ಕೈಕಾಲೇ ಆಡುವುದಿಲ್ಲ. ಏನು ಮಾಡಲಿ, ಹುಟ್ಟುಗುಣ. ಮೈಸೂರಿನ ನಮ್ಮ ಮನೆಗೆ ನೆಂಟರು ಬರುವುದೆಂದರೆ ವಾರ ಮೊದಲು ಒಂದು ಫೋನು, ಹಿಂದಿನ ದಿನ ಒಂದು, ಹೊರಟ ಮೇಲೆ ಇನ್ನೊಂದು. ನಮ್ಮ ಚಿಕ್ಕಪ್ಪ ಒಮ್ಮೆ ಮೂರನೆಯದನ್ನು ಮರೆತು ಬಂದು, ಗೇಟಿನ ಹೊರಗೆ ನಿಂತು ಅದನ್ನೂ ಮಾಡಿ ಮುಗಿಸಿಯೇ ಒಳಗೆ ಕಾಲಿಟ್ಟಿದ್ದರು. ಇಂಥ ವಂಶದವನು ನಾನು, ಉಪ್ಪುಂದದ ಮೀನುಗಾರರ ಮನೆಯ ಅಳಿಯನಾದೆ.

ಬ್ಯಾಂಕಿನಿಂದ ನಿವೃತ್ತನಾಗಿ ಕುಂದಾಪುರದಲ್ಲಿ ಮನೆ ಮಾಡಿ ವರ್ಷವಾದರೂ ಹೆಂಡತಿ ಜಲಜಳ ಅಣ್ಣ ಶೀನ ಭಾವ ನಮ್ಮಲ್ಲಿ ಒಂದು ತುತ್ತು ಉಂಡಿರಲಿಲ್ಲ. ಅವಳಿಗೆ ಅದೇ ಕೊರಗು. "ನಾನು ಕರೀತೀನಿ ಬಿಡು" ಎಂದು ಜಂಬದಿಂದ ಫೋನು ಮಾಡಿ, "ಭಾವ, ಮುಂದಿನ ತಿಂಗಳು ಎರಡನೇ ಭಾನುವಾರ, ಒಂದು ಗಂಟೆಗೆ ಊಟಕ್ಕೆ ಬನ್ನಿ" ಎಂದೆ. "ತಂಗಿ ಮನಿಗ್ ಬಪ್ಕೆ ತಾರೀಕ್ ಬೇಕಾ, ಭಾವ?" ಎಂದರು. ಆ ಭಾನುವಾರ ಅವರು ಬರಲಿಲ್ಲ.

ಬುಧವಾರ ಬಂದರು! ಅವರ ಕಡೆ ನೆಂಟರ ಮನೆಗೆ ಹೋಗುವುದು ಒಳ್ಳೆಯ ಮೀನು ಸಿಕ್ಕ ದಿನ. ಅದು ಯಾವ ದಿನವೆಂದು ಮೊದಲೇ ಹೇಳುವವರು ಯಾರು? ಜಲಜ ಬಸ್ರೂರಿಗೆ ಹೋಗಿದ್ದಳು. ನಾನು ಉಂಡು ಮಲಗಿದ್ದವನು ಕಣ್ಣುಜ್ಜಿಕೊಂಡು ಬಾಗಿಲು ತೆರೆದು, "ಅಯ್ಯೋ, ಒಂದು ಫೋನು ಮಾಡಬಾರದಿತ್ತೇ?" ಎಂದುಬಿಟ್ಟೆ. ಭಾವ ಬಂಗುಡೆಯ ಚೀಲವನ್ನು ನನ್ನ ಕೈಗೆ ಕೊಟ್ಟು, ಹೊಸಿಲು ದಾಟದೆ ಸ್ಕೂಟರು ಹತ್ತಿ ಹೊರಟೇ ಹೋದರು.

"ಎಂತ ಹೇಳ್ದ್ರಿ ನೀವ್ ಅವ್ನಿಗೆ?" ಎಂದು ಜಲಜ ಸಂಜೆ ಅತ್ತಳು. ಮೀನುಸಾರು ಮಾಡಿದಳು, ತಾನು ಮುಟ್ಟಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಎರಡು ಸಲ ಬಡಿಸಿಕೊಂಡೆ.

ಮರುದಿನ ಫೋನು ಮಾಡದೆ ಉಪ್ಪುಂದಕ್ಕೆ ಹೊರಟೆ. ಆದರೆ ನಾನು ನಾನೇ ತಾನೇ? ಅವರಿಗೆ ತೊಂದರೆಯಾಗದಿರಲಿ ಎಂದು ಹನ್ನೊಂದೂವರೆಗೇ ಹೊಟ್ಟೆ ತುಂಬ ಉಂಡು ಹೋದೆ. ಭಾವನ ಹೆಂಡತಿ ಊಟಕ್ಕೆ ಬಟ್ಟಲಿಟ್ಟರು. "ಊಟ ಆಯ್ತು" ಎಂದೆ. ಭಾವನ ಮುಖ ಸಣ್ಣದಾಯಿತು. ಮನೆಗೆ ಬಂದವರನ್ನು ನಿನ್ನೆ ಉಣಿಸದೆ ಕಳಿಸಿದ್ದೆ, ಇವತ್ತು ಅವರ ಅನ್ನವೂ ಬೇಡವೆಂದಿದ್ದೆ. ನನ್ನ ಬುದ್ಧಿಗಿಷ್ಟು! ತಟ್ಟನೆ ಕೂತೆ. "ತಪ್ಪಾಯ್ತು ಭಾವ" ಎಂದು ಬಟ್ಟಲು ಹತ್ತಿರ ಎಳೆದುಕೊಂಡೆ. "ತಪ್ಪೆಂತ? ಉಣ್ಣಿ" ಎಂದು ಅವರೇ ಬಡಿಸಿದರು. ಕುಚ್ಚಲಕ್ಕಿ ಅನ್ನ, ಎರಡು ಗಂಟೆಯೊಳಗೆ ಎರಡನೆಯ ಸಲ. ಹೊರಡುವಾಗ "ಯಾವತ್ತು ಬರ್ತೀರಿ?" ಎಂಬುದು ನಾಲಗೆ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡೆ.

ಇದಾಗಿ ನಾಲ್ಕು ದಿನ. ಮಧ್ಯಾಹ್ನದ ನಿದ್ದೆ ಬಿಟ್ಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತೇನೆ. ಬೀದಿಯಲ್ಲಿ ಸ್ಕೂಟರು ಸದ್ದಾದರೆ ಎದ್ದು ನಿಲ್ಲುತ್ತೇನೆ. ಜಲಜ ಇವತ್ತು ಬಾಗಿಲಿಗೆ ಬಂದು ನಕ್ಕುಬಿಟ್ಟಳು. "ಹ್ವಾಯ್, ಹೀಂಗ್ ಕಾದ್ ಕೂಕಂಡ್ರೆ ಅವ ಬತ್ನಾ? ಮನಿಕಣಿ, ಆಗ ಬತ್ತ."

ಸರಿ ಎಂದು ಮಲಗಿದ್ದೇನೆ. ಶರ್ಟು ಮಾತ್ರ ಬಿಚ್ಚಿಲ್ಲ.