ಮಾವ ಉಗುಳಿದ ವೈನು

ನಮ್ಮ ಸೋದರಮಾವನಷ್ಟು ವೈನ್ ಬಲ್ಲವರು ಇಡೀ ಹಲಸೂರಿನಲ್ಲಿ ಇರಲಿಲ್ಲ. ಅವನಷ್ಟು ಕಡಿಮೆ ಕುಡಿದವರೂ ಇರಲಿಲ್ಲ! ಒಂದು ತೊಟ್ಟೂ ನುಂಗಿಲ್ಲವೆಂದು ಅವನು. ಪೀಪಾಯಿಗಟ್ಟಲೆ ಇಳಿಸಿದ್ದಾನೆಂದು ಅವನ ತಾಯಿ, ಅಂದರೆ ನಮ್ಮಜ್ಜಿ. ಈ ವ್ಯಾಜ್ಯ ನಮ್ಮ ಮನೆಯಲ್ಲಿ ಹತ್ತು ವರ್ಷ ನಡೆಯಿತು.

ಅರವತ್ತರ ದಶಕದಲ್ಲಿ ಕಾರ್ಖಾನೆಯವರು ಮಾವನನ್ನು ಆರು ತಿಂಗಳ ತರಬೇತಿಗೆಂದು ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಹೊರಡುವ ದಿನ ಅಜ್ಜಿ ದೇವರ ಮುಂದೆ ನಿಲ್ಲಿಸಿ, ಹೆಂಡ ಕುಡಿಯುವುದಿಲ್ಲವೆಂದು ಆಣೆ ಹಾಕಿಸಿದಳು. ಗ್ರಹಚಾರ ನೋಡಿ! ಮಾವನಿಗೆ ಬಾಡಿಗೆ ಕೋಣೆ ಸಿಕ್ಕಿದ್ದು ಜಿನೀವಾ ಸರೋವರದ ದಡದಲ್ಲಿ, ಒಬ್ಬ ದ್ರಾಕ್ಷಿ ಬೆಳೆಗಾರನ ಮನೆಯಲ್ಲಿ. ನೆಲಮಾಳಿಗೆಯ ತುಂಬ ವೈನಿನ ಪೀಪಾಯಿಗಳು. ಆದರೆ ವೈನಿನ ರುಚಿ ನೋಡುವವರು ಅದನ್ನು ಬಾಯಲ್ಲಿ ಮುಕ್ಕಳಿಸಿ ಉಗಿದುಬಿಡುತ್ತಾರೆಂದು ತಿಳಿದ ದಿನ ಮಾವನಿಗೆ ಜ್ಞಾನೋದಯವಾಯಿತು. ಆಣೆ ಹಾಕಿದ್ದು ಕುಡಿಯುವುದಿಲ್ಲವೆಂದು ತಾನೆ? ಉಗಿಯುವುದಿಲ್ಲವೆಂದು ಯಾರು ಹೇಳಿದ್ದರು? ಭಾನುವಾರ ಬಂತೆಂದರೆ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು!

ಊರಿಗೆ ಬಂದಮೇಲೆ ಸುಮ್ಮನಿರಬಹುದಿತ್ತು. ಬಂದ ದಿನವೇ ತಾಯಿಯ ಮುಂದೆ ಎಲ್ಲವನ್ನೂ ಒಪ್ಪಿಸಿದ.

"ಎಲ್ಲಾ ಉಗಿದ್ಬಿಟ್ಟೆ ಕಣಮ್ಮ. ಒಂದು ತೊಟ್ಟೂ ನುಂಗಿಲ್ಲ."

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದಳು. "ನಲವತ್ತು ವರ್ಷದಿಂದ ನಾನು ಉಗೀತಾ ಇದೀನಿ ಕಣೋ. ಉಗಿದಿದ್ದಕ್ಕಿಂತ ಒಳಗೆ ಹೋಗಿದ್ದೇ ಜಾಸ್ತಿ. ನಂಗೆ ಹೇಳಿಕೊಡ್ತೀಯಾ?"

ತಜ್ಞರ ಸಾಕ್ಷ್ಯದ ಮುಂದೆ ಯಾರ ವಾದ ನಡೆದೀತು! ಆಣೆ ಮುರಿದವನೆಂದು ಅಜ್ಜಿ ಮಗನೊಡನೆ ಮಾತು ಬಿಟ್ಟಳು. "ನೀರು ಕಾದಿದೆ" ಎಂದು ಗೋಡೆಗೆ ಹೇಳುವಳು. ಮಾವ ಎದ್ದು ಸ್ನಾನಕ್ಕೆ ಹೋಗುವನು. ಹೊರಗೆ ನಗುನಗುತ್ತಾ ಇರುತ್ತಿದ್ದರೂ ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಉಗಿಯುವ ಚಟ ಮಾತ್ರ ಬಿಡಲಿಲ್ಲ. ರಸೆಲ್ ಮಾರ್ಕೆಟ್ಟಿನಲ್ಲಿ ಒಂದೊಂದು ದ್ರಾಕ್ಷಿಯನ್ನೂ ಬೆಳಕಿಗೆ ಹಿಡಿದು, ಮೂಸಿ, ಜಗಿದು, ಉಗಿದು, "ಶಾಸ್ಲಾ ಸಿಪ್ಪೆ ಇಷ್ಟು ದಪ್ಪ ಇರಲ್ಲ. ಗಾಮೇ ಹುಳೀನೇ ಬೇರೆ. ಪಿನೋ ನ್ವಾರ್ ಅಂತೂ ಬಿಡಿ!" ಎಂದು ಆ ಊರಿನ ದ್ರಾಕ್ಷಿ ತಳಿಗಳ ಹೆಸರು ಹೇಳುವನು. ಹಣ್ಣಿನ ಸಾಬರು ಒಮ್ಮೆ ಕೈಮುಗಿದೇಬಿಟ್ಟರು: "ಅರ್ಧ ಕೇಜಿ ಉಗಿದ್ಬಿಟ್ರಿ ಸಾಮಿ. ಬಾಕಿ ಅರ್ಧಾನಾದ್ರೂ ಮನೇಗ್ ತಗೊಂಡೋಗಿ!"

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಅಷ್ಟೆ. ನಾನು ಕೊಟ್ಟ ಕಾಫಿಯನ್ನು ಅವರೆದುರೇ ಮುಕ್ಕಳಿಸಿ, ಹೂಕುಂಡಕ್ಕೆ ಉಗಿದು, "ಚಿಕೋರಿ ಜಾಸ್ತಿ ಆಯ್ತು" ಎಂದು ತೀರ್ಪು ಕೊಟ್ಟ. ಗಂಡು ನಕ್ಕುಬಿಟ್ಟದ್ದರಿಂದ ನಾನು ಬಚಾವಾದೆ.

ಮಾವ ಇಂದಿರಾನಗರದಲ್ಲಿ ಹೊಸ ಮನೆ ಕಟ್ಟಿಸಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದೆ, ಮಾವ ಅವಳ ಕಾಲು ಒತ್ತುತ್ತಿದ್ದ. ಅಜ್ಜಿ ನನಗೆ ಹೇಳಿದಳು: "ಅದರ ರುಚಿ ಹೆಂಗಿತ್ತಂತೆ, ಕೇಳೇ."

ಮಾವ ಹೇಳುತ್ತಾ ಹೋದ. ಆ ದ್ರಾಕ್ಷಿತೋಟದ ಗುಡ್ಡಗಳಿಗೆ ಮೂವರು ಸೂರ್ಯರಂತೆ: ಒಬ್ಬ ಆಕಾಶದಲ್ಲಿ, ಒಬ್ಬ ಸರೋವರದ ನೀರಿನಲ್ಲಿ, ಇನ್ನೊಬ್ಬ ಬಿಸಿಲಿಗೆ ಕಾದ ಕಲ್ಲುಕಟ್ಟೆಗಳಲ್ಲಿ. ಆ ಬಿಸಿಲಲ್ಲಿ ಮಾಗಿದ ಶಾಸ್ಲಾದ ವೈನು ನಾಲಿಗೆಗೆ ಮೊದಲು ದೋರೆಗಾಯಿ ಸೀಬೆಯ ಹಾಗೆ, ಆಮೇಲೆ ತಣ್ಣನೆಯ ಬಾವಿ ನೀರಿನ ಹಾಗೆ.

"ಗಂಟಲಲ್ಲಿ?" ಎಂದಳು ಅಜ್ಜಿ.

ಮಾವ ತಲೆ ಅಲ್ಲಾಡಿಸಿದ. "ಅದು ಗೊತ್ತಿಲ್ಲಮ್ಮ."

ಅಜ್ಜಿ ಮಗನ ಕಡೆಗೆ ಹೊರಳಿದಳು. ಅವಳ ಕಣ್ಣು ತುಂಬಿತು.

"ಅಯ್ಯೋ ಪೆದ್ದು ಮುಂಡೇದೆ," ಎಂದಳು, "ಅಷ್ಟು ದೂರ ಹೋದವನು ಒಂದು ಗುಟುಕಾದ್ರೂ ನುಂಗಿ ಬರಬಾರ್ದಿತ್ತೇನೋ!"